ಎಪಿಐ ಪಟ್ಟಿಯೂ ಅಪಾಯದ ಅಳತೆಯೂ

ರೈಲು ನಿಲ್ದಾಣದಲ್ಲಿ ಟಿಕೆಟು ಕೊಡುವ ಕಿಂಡಿಯನ್ನು ಎಲ್ಲರೂ ಬಲ್ಲರು. ಹೊರಗೆ ನಿಂತವನು ಊರಿನ ಹೆಸರು ಹೇಳಿ ಹಣ ಕೊಡುತ್ತಾನೆ. ಒಳಗಿನಿಂದ ಟಿಕೆಟು ಬರುತ್ತದೆ. ಒಳಗಿನ ಲೆಕ್ಕಪತ್ರಗಳ ಏರ್ಪಾಡನ್ನು ಅವನು ಅರಿಯಬೇಕಾದುದಿಲ್ಲ. ಒಂದು ತಂತ್ರಾಂಶವು ಮತ್ತೊಂದರಿಂದ, ಗೊತ್ತುಪಡಿಸಿದ ಕ್ರಮದಲ್ಲಿ, ಮಾಹಿತಿಯನ್ನು ಕೇಳಿ ಪಡೆಯುವ ಇಂಥ ಕಿಂಡಿಗೇ ‘ಎಪಿಐ’ ಎಂದು ಹೆಸರು. ನಾವು ಮೊಬೈಲಿನಲ್ಲಿ ವಿದ್ಯುತ್ ಬಿಲ್ಲನ್ನು ನೋಡುವಾಗ ಅಂಕಿಗಳು ಬರುವುದು ಸಾಮಾನ್ಯವಾಗಿ ಇದರ ಮೂಲಕವೇ.

ದೊಡ್ಡ ಸಂಸ್ಥೆಯಲ್ಲಿ ಇಂಥ ಕಿಂಡಿಗಳು ನೂರಾರು ಇರುವುದುಂಟು. ಆದಕಾರಣ ಅವುಗಳ ಪಟ್ಟಿಯೊಂದು ಅವಶ್ಯಕ. ಆ ಪಟ್ಟಿಯಲ್ಲಿ ಬರಿಯ ಹೆಸರುಗಳಿದ್ದರೆ ಸಾಲದು. ಪ್ರತಿಯೊಂದರ ಎದುರಿಗೂ ಐದು ವಿವರಗಳು ಇರತಕ್ಕವು. ಮೊದಲನೆಯದು, ಅದರ ವಿಳಾಸ ಮತ್ತು ಆವೃತ್ತಿ. ಎರಡನೆಯದು, ಅದು ಅಂತರ್ಜಾಲಕ್ಕೆ ತೆರೆದಿದೆಯೇ ಎಂಬುದು. ಮೂರನೆಯದು, ಕೇಳುವವನು ಯಾರು, ಕೇಳಿದುದನ್ನು ಪಡೆಯುವ ಹಕ್ಕು ಅವನಿಗುಂಟೆ ಎಂದು ಅದು ಪರೀಕ್ಷಿಸುವುದೇ ಎಂಬುದು. ನಾಲ್ಕನೆಯದು, ಅದು ಕೊಡುವ ಮಾಹಿತಿ ಎಂಥದೆಂಬುದು. ಐದನೆಯದು, ಅದರ ಹೊಣೆ ಯಾರದೆಂಬುದು.

ಈ ವಿವರಗಳಿಂದಲೇ ಅಪಾಯದ ಮಟ್ಟವನ್ನು ನಿರ್ಣಯಿಸುತ್ತಾರೆ. ಅಪಾಯವನ್ನು ಎರಡು ಅಂಶಗಳ ಗುಣಲಬ್ಧವೆಂದು ಭಾವಿಸಬಹುದು: ಕೆಡುಕು ಸಂಭವಿಸುವ ಸಾಧ್ಯತೆ ಒಂದು, ಸಂಭವಿಸಿದರೆ ಆಗುವ ಹಾನಿ ಇನ್ನೊಂದು. ಊರಿನ ಉಷ್ಣತೆಯನ್ನು ತಿಳಿಸುವ ಕಿಂಡಿ ಎಲ್ಲರಿಗೂ ತೆರೆದಿದ್ದರೂ ಹಾನಿ ಅತ್ಯಲ್ಪ; ಅಪಾಯವೂ ಅಲ್ಪ. ಗ್ರಾಹಕರ ವಿಳಾಸವನ್ನು ಕೊಡುವ ಕಿಂಡಿ ಸಂಸ್ಥೆಯ ಒಳಗಷ್ಟೇ ಇದ್ದು, ಕೇಳುವವನನ್ನು ಪರೀಕ್ಷಿಸುವುದಾದರೆ ಅಪಾಯ ಮಧ್ಯಮ. ಅದೇ ಕಿಂಡಿ ಪರೀಕ್ಷೆಯಿಲ್ಲದೆ ಅಂತರ್ಜಾಲಕ್ಕೆ ತೆರೆದುಕೊಂಡರೆ ಎರಡು ಅಂಶಗಳೂ ಹಿರಿದಾಗಿ ಅಪಾಯ ಅತ್ಯುಚ್ಚವಾಗುತ್ತದೆ.

ಆಸ್ಟ್ರೇಲಿಯದ ಆಪ್ಟಸ್ ಎಂಬ ದೂರವಾಣಿ ಸಂಸ್ಥೆಯಲ್ಲಿ 2022ರ ಸೆಪ್ಟೆಂಬರಿನಲ್ಲಿ ನಡೆದುದು ಇದಕ್ಕೆ ನಿದರ್ಶನ. ಆ ದೇಶದ ಸಂಪರ್ಕ ಹಾಗೂ ಮಾಧ್ಯಮ ಪ್ರಾಧಿಕಾರವು 2024ರಲ್ಲಿ ನ್ಯಾಯಾಲಯದ ಮುಂದಿಟ್ಟ ವಿವರಣೆಯಂತೆ, ಪರೀಕ್ಷೆಯ ಏರ್ಪಾಡಿನಲ್ಲಿ 2018ರಲ್ಲಿಯೇ ಒಂದು ದೋಷ ನುಸುಳಿತ್ತು. 2021ರಲ್ಲಿ ಮುಖ್ಯ ವಿಳಾಸದಲ್ಲಿ ಅದನ್ನು ಸರಿಪಡಿಸಲಾಯಿತು. ಆದರೆ ಬಳಕೆಯಲ್ಲಿಲ್ಲದ ಇನ್ನೊಂದು ವಿಳಾಸದಲ್ಲಿ ಅದೇ ದೋಷ ಹಾಗೆಯೇ ಉಳಿಯಿತು. ಆ ದಾರಿಯಿಂದ ಸುಮಾರು 95 ಲಕ್ಷ ಜನರ ವೈಯಕ್ತಿಕ ಮಾಹಿತಿ ಸೋರಿಹೋಯಿತು.

ಬೀಗವನ್ನು ರಿಪೇರಿ ಮಾಡುವ ಕೌಶಲ ಅಲ್ಲಿದ್ದಿತು. ಅದೇ ಬೀಗವುಳ್ಳ ಮತ್ತೊಂದು ಬಾಗಿಲಿದೆಯೆಂಬ ಅರಿವು ಇರಲಿಲ್ಲ. ಅಂತರ್ಜಾಲ ಸುರಕ್ಷತೆಗಾಗಿ ದುಡಿಯುವ ‘ಓವಾಸ್ಪ್’ ಸಂಸ್ಥೆಯು 2023ರಲ್ಲಿ ಹೆಸರಿಸಿದ ಹತ್ತು ಎಪಿಐ ಅಪಾಯಗಳಲ್ಲಿ ಪಟ್ಟಿಯ ನಿರ್ವಹಣೆಯ ಲೋಪವೂ ಒಂದು.

ಹಾಗಾದರೆ ಸಮಗ್ರ ಪಟ್ಟಿಯನ್ನು ಸಿದ್ಧಪಡಿಸುವುದು ಹೇಗೆ? ನೆನಪಿನಿಂದ ಬರೆದುದು ಸಾಲದು. ಹೋಗಿಬರುವ ಕೋರಿಕೆಗಳನ್ನು ಗಮನಿಸಿದರೆ ಬಳಕೆಯಲ್ಲಿರುವ ಕಿಂಡಿಗಳು ತಿಳಿಯುತ್ತವೆ, ನಿದ್ರಿಸುತ್ತಿರುವವು ತಿಳಿಯುವುದಿಲ್ಲ. ಅವುಗಳಿಗಾಗಿ ಸಂಸ್ಥೆಯ ಹೆಸರಿನಲ್ಲಿ ನೋಂದಾಯಿತವಾದ ವಿಳಾಸಗಳನ್ನೂ ತಂತ್ರಾಂಶದ ಮೂಲಬರಹವನ್ನೂ ಪಟ್ಟಿಯೊಡನೆ ತಾಳೆ ನೋಡಬೇಕು. ಬೇಡವಾದುದನ್ನು ಮುಚ್ಚಬೇಕು.

ಅಳೆಯುವುದಕ್ಕೆ ಮೊದಲು ಎಣಿಸಬೇಕೆಂಬುದು ವಿಜ್ಞಾನದ ಹಳೆಯ ಪಾಠ. ಪಟ್ಟಿಯಲ್ಲಿ ಸೇರದ ವಸ್ತುವಿನ ಅಪಾಯವನ್ನು ಯಾರೂ ಅಳೆಯಲಾರರು.