ಫಿಟ್ಸ್ ಬಂದಾಗ ಕಬ್ಬಿಣ ಹುಡುಕಬೇಡಿ
ಫಿಟ್ಸ್ ಬಂದವರ ಕೈಗೆ ಬೀಗದ ಕೈಯಂಥ ಕಬ್ಬಿಣ ಹಿಡಿಸಿದರೆ ಸೆಳೆತ ನಿಲ್ಲುತ್ತದೆ ಎಂಬ ನಂಬಿಕೆ ಹುಟ್ಟಿದ್ದು ಜನರ ದಡ್ಡತನದಿಂದಲ್ಲ, ಅವರು ಕಣ್ಣಾರೆ ಕಂಡದ್ದರಿಂದ. ಮಿದುಳಿನ ವಿದ್ಯುತ್ ಸಂಕೇತಗಳು ಅಂಕೆ ತಪ್ಪಿದಾಗ ಬರುವ ಸೆಳೆತ ಬಹುಪಾಲು 1–3 ನಿಮಿಷಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಗಾಬರಿಯಲ್ಲಿ ಕಬ್ಬಿಣ ಹುಡುಕಿ ತರುವಷ್ಟರಲ್ಲಿ ಆ ಹೊತ್ತು ಮುಗಿದಿರುತ್ತದೆ. ಹೆಸರು ಕಬ್ಬಿಣಕ್ಕೆ ಬರುತ್ತದೆ. ಏನೂ ಹಿಡಿಸದೆ ಸುಮ್ಮನೆ ಕಾದು ನೋಡಲು ಆ ಗಳಿಗೆಯಲ್ಲಿ ಯಾರಿಗೂ ಮನಸ್ಸು ಬಾರದು, ಅದು ಸಹಜವೇ.

ಹಿಡಿಸಿದರೆ ನಷ್ಟವೇನು ಎನ್ನಬಹುದು. ಹುಡುಕುವ ಭರದಲ್ಲಿ ಮಾಡಬೇಕಾದ ಕೆಲಸ ಬಿಟ್ಟುಹೋಗುವುದೇ ನಷ್ಟ. ಫಿಟ್ಸ್ ಬಂದವರನ್ನು ಮಗ್ಗುಲಿಗೆ ಹೊರಳಿಸಿ, ತಲೆಯಡಿ ಮೆತ್ತನೆಯ ಬಟ್ಟೆ ಇಡಿ, ಗಡಿಯಾರ ನೋಡಿ. ಕೈಕಾಲು ಅದುಮಿ ಹಿಡಿಯಬೇಡಿ. ಬಾಯಿಗೆ ಚಮಚವಾಗಲಿ ನೀರಾಗಲಿ ಹಾಕಲೇಬೇಡಿ. 5 ನಿಮಿಷ ದಾಟಿದರೆ ತಡಮಾಡದೆ 108ಕ್ಕೆ ಕರೆ ಮಾಡಿ.