ಎಸ್‌ಯುವಿ ಮುಂದೆ ಗಾರ್ಡ್: ಯಾವುದು ಬೇಕು, ಯಾವುದು ಬೇಡ

ಎಸ್‌ಯುವಿಯ ಮುಂದೆ ಕೂರಿಸುವ ದಪ್ಪ ಕಬ್ಬಿಣದ ಬುಲ್ ಬಾರ್ ನೋಡಲು ಗತ್ತಾಗಿದ್ದರೂ ಭಾರತದಲ್ಲಿ ನಿಯಮಬಾಹಿರ. ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಉಲ್ಲಂಘನೆ ಎಂದು ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ದಂಡಕ್ಕಿಂತ ದೊಡ್ಡ ತೊಂದರೆ ಬೇರೆಯದೇ. ಡಿಕ್ಕಿಯಾದಾಗ ಗಾಡಿಯ ಮುಂಭಾಗ ನುಜ್ಜುಗುಜ್ಜಾಗಿ ಪೆಟ್ಟನ್ನು ಹೀರಿಕೊಳ್ಳಬೇಕು. ನೇರ ಚಾಸಿಸ್‌ಗೆ ಬೋಲ್ಟ್ ಹಾಕಿದ ಗಾರ್ಡ್ ಆ ಪೆಟ್ಟನ್ನು ಒಳಗೆ ಕೂತವರಿಗೇ ದಾಟಿಸುತ್ತದೆ, ಏರ್‌ಬ್ಯಾಗ್ ಸೆನ್ಸರ್‌ನ ಲೆಕ್ಕವನ್ನೂ ತಪ್ಪಿಸಬಹುದು. ಪಾದಚಾರಿಗೆ ತಗುಲಿದರಂತೂ ಕೇಳುವುದೇ ಬೇಡ. ಕಲ್ಲು, ಹುಳುಹುಪ್ಪಟೆಯಿಂದ ರೇಡಿಯೇಟರ್ ಕಾಯಲು ಗ್ರಿಲ್‌ನ ಹಿಂದೆ ಕೂರುವ ತೆಳು ಜಾಲರಿ ಸಾಕು. ಗಾಳಿ ಸರಾಗವಾಗಿ ನುಗ್ಗುವಂತೆ ಅದರ ಕಣ್ಣು ಅಗಲವಾಗಿರಲಿ. ನಂಬರ್ ಪ್ಲೇಟನ್ನಾಗಲಿ, ಗಾಡಿಯ ಮುಂಭಾಗದಲ್ಲಿ ರಾಡಾರ್ ಸೆನ್ಸರ್ ಇದ್ದರೆ ಅದನ್ನಾಗಲಿ ಜಾಲರಿ ಮುಚ್ಚದಿರಲಿ. ವಾರಂಟಿ, ವಿಮೆಯ ಷರತ್ತುಗಳನ್ನು ಕೊಳ್ಳುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.