ಇಂದಿನ ಚಿಂತನೆ: ಸುಳಿವು ಹುಡುಕುವ ಕಣ್ಣು



ಇವತ್ತು ಒಂದು ಟಿವಿ ಸೀರಿಯಲ್‌ನಿಂದ ಶುರು ಮಾಡೋಣ. ಹಿರಿಯರು ಬೇಸರ ಮಾಡಿಕೊಳ್ಳಬೇಡಿ, ಮನೆಯ ಹುಡುಗರ ಜೊತೆ ಕೂತು ನಾನೂ ನೋಡಿದ್ದೇನೆ.

2021ರ ಜನವರಿ 15ರಿಂದ ಮಾರ್ಚ್ 5ರವರೆಗೆ ಅಮೆರಿಕದ ಮಾರ್ವೆಲ್‌ನವರ 'ವಾಂಡಾವಿಷನ್' ಬಂತು. ಒಟ್ಟು 9 ಕಂತು. ಮಾಂತ್ರಿಕ ಶಕ್ತಿಯ ವಾಂಡಾ, ತೀರಿಹೋದ ತನ್ನ ಸಂಗಾತಿ ವಿಷನ್ ಜೊತೆ ಒಂದು ಸಣ್ಣ ಊರಿನಲ್ಲಿ ಹಳೇ ಕಾಲದ ಹಾಸ್ಯ ಧಾರಾವಾಹಿಯಂತೆ ಸಂಸಾರ ಮಾಡುತ್ತಿರುತ್ತಾಳೆ. ಸತ್ತವನು ಹೇಗೆ ಬಂದ? ವಾರಕ್ಕೊಮ್ಮೆ ಬರುವ ಸೀರಿಯಲ್, ಅಭಿಮಾನಿಗಳಿಗೆ ಊಹಿಸಲು ಏಳು ದಿನ ಬಿಡುವು.

ಬಹಳ ಜನರ ಉತ್ತರ: ಇದರ ಹಿಂದೆ ಮೆಫಿಸ್ಟೋ ಎಂಬ ಸೈತಾನ ಇದ್ದಾನೆ. ಆಧಾರವೇ ಇರಲಿಲ್ಲ ಎನ್ನುವಂತಿಲ್ಲ. ಹಳೆಯ ಕಾಮಿಕ್ಸ್‌ನಲ್ಲಿ ವಾಂಡಾಳ ಅವಳಿ ಮಕ್ಕಳಿಗೂ ಇವನಿಗೂ ನಂಟಿದೆ. ಆಮೇಲೆ ಎಲ್ಲವೂ ಸಾಕ್ಷಿಯಾಗತೊಡಗಿತು. ಯಾರೋ ಮಾತಿನ ನಡುವೆ ಸೈತಾನ ಎಂದರೆ ಅದೇ ಸುಳಿವು. ಪಕ್ಕದ ಮನೆಯಾಕೆ ಗಂಡ ರಾಲ್ಫ್‌ನ ಬಗ್ಗೆ ಬರೀ ಬಾಯಲ್ಲಿ ಹೇಳುತ್ತಾಳೆ, ತೋರಿಸುವುದಿಲ್ಲ, ಹಾಗಾದರೆ ಅವನೇ ಮೆಫಿಸ್ಟೋ! ಆಕೆ ಅಗಾಥಾ ಎಂಬ ಮಾಟಗಾತಿ ಎಂದು ಊಹಿಸಿದವರದು ಸರಿಯಾಯಿತು. ಮೆಫಿಸ್ಟೋ ಮಾತ್ರ ಬರಲೇ ಇಲ್ಲ. ನಿರಾಶರಾದ ಕೆಲವರು ಸೀರಿಯಲನ್ನೇ ಬೈದರು.

ನಿಜವಾದ ಸುಳಿವು ಕಣ್ಣೆದುರೇ ಇತ್ತು. ಕಂತುಗಳ ನಡುವೆ ಕಟ್ಟುಕಥೆಯ ಜಾಹೀರಾತುಗಳು ಬರುತ್ತವೆ. ಮೊದಲನೆಯದು ಸ್ಟಾರ್ಕ್ ಕಂಪನಿಯ ಬ್ರೆಡ್ ಟೋಸ್ಟರ್. ವಾಂಡಾ ಹತ್ತು ವರ್ಷದವಳಿದ್ದಾಗ ಶೆಲ್ ಬಿದ್ದು ಅಪ್ಪ ಅಮ್ಮ ಸತ್ತರು. ಸಿಡಿಯದೆ ಉಳಿದ ಎರಡನೇ ಶೆಲ್ ಮೇಲೆ ಇದ್ದದ್ದು ಇದೇ ಸ್ಟಾರ್ಕ್ ಹೆಸರು. ಇನ್ನೊಂದು, ಲಾಗೋಸ್ ಹೆಸರಿನ ಪೇಪರ್ ಟವೆಲ್. ಲಾಗೋಸ್ ನಗರದಲ್ಲಿ ಅವಳ ಕೈತಪ್ಪಿನಿಂದ ಜನ ಸತ್ತಿದ್ದರು. ಒಂದೊಂದು ಜಾಹೀರಾತು ಒಂದೊಂದು ಗಾಯ. ಅದನ್ನು ಸರಿಯಾಗಿ ಓದಿದ ಅಭಿಮಾನಿಗಳೂ ಇದ್ದರು, ಅವರಿಗೆ ಶರಣು. ಎಂಟನೇ ಕಂತಿನಲ್ಲಿ, ವಿಷನ್ ಮನೆ ಕಟ್ಟಲೆಂದು ಕೊಂಡಿದ್ದ ಖಾಲಿ ಸೈಟಿನಲ್ಲಿ ವಾಂಡಾ ಕುಸಿದು ಅಳುತ್ತಾಳೆ. ಆ ದುಃಖದಿಂದಲೇ ಆ ಮಾಯಾಸಂಸಾರ ಹುಟ್ಟಿದ್ದು. ಸೈತಾನ ಯಾರೂ ಇಲ್ಲ. ಆ ಮಾಯೆಯೊಳಗೆ ಊರಿನ ಜನ ಸೆರೆಯಾಗಿ ನರಳಿದರು, ಅದನ್ನೂ ಮರೆಯುವಂತಿಲ್ಲ.

ಕಾಲಾಮರಿಗೆ ಭಗವಾನರು ಹೇಳಿದ್ದು ನಮಗೆಲ್ಲ ಗೊತ್ತು: ಕೇಳಿದ ಮಾತು, ಪರಂಪರೆ, ಗ್ರಂಥ ಎಂದಷ್ಟಕ್ಕೇ ನಂಬಬೇಡಿ. ಅದೇ ಪಟ್ಟಿಯಲ್ಲಿ ನಾವು ಬೇಗ ದಾಟಿಬಿಡುವ ಒಂದು ಮಾತಿದೆ. ನಾವೇ ಯೋಚಿಸಿ ಕಟ್ಟಿಕೊಂಡ ಅಭಿಪ್ರಾಯಕ್ಕೆ ಹೊಂದುತ್ತದೆ ಎಂಬ ಕಾರಣಕ್ಕೂ ಒಪ್ಪಬೇಡಿ. ಗ್ರಂಥ, ಪರಂಪರೆ ಬಿಟ್ಟು ಬಂದವರು ನಾವು. ಇದನ್ನು ಬಿಡುವುದು ಇನ್ನೂ ಕಷ್ಟ, ನೋಡಲು ಬುದ್ಧಿವಂತಿಕೆಯ ಹಾಗೇ ಇರುತ್ತದೆ.

ಹೋದ ವರ್ಷ ನಮ್ಮ ಬೀದಿಯಲ್ಲಿ ಒಬ್ಬರು ತೀರಿಕೊಂಡರು. ಬಂದವರೆಲ್ಲ ಕೇಳಿದ್ದು ಒಂದೇ: ಯಾವ ನಕ್ಷತ್ರ, ಧನಿಷ್ಠಾ ಪಂಚಕವೇ, ಮನೆ ಎಷ್ಟು ತಿಂಗಳು ಬಿಡಬೇಕು? ನಾನು ಸುಮ್ಮನಿರಲಿಲ್ಲ, ನಕ್ಷತ್ರ ಎಲ್ಲ ಸುಳ್ಳು ಎಂದು ಅಂಗಳದಲ್ಲಿ ಅರ್ಧ ಗಂಟೆ ವಾದ ಮಾಡಿದೆ. ಗಂಡನನ್ನು ಕಳೆದುಕೊಂಡ ಅಕ್ಕ ಒಳಗೆ ಮೂಲೆಯಲ್ಲಿ ಕೂತಿದ್ದರು, ಬೆಳಿಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ. ಅವರಿಗೆ ನೀರು ತಂದುಕೊಟ್ಟದ್ದು ಎದುರು ಮನೆಯ ಎಂಟನೇ ಕ್ಲಾಸಿನ ಹುಡುಗಿ.

ಜೈಭೀಮ್.